ಒಲೆ ಕಡೆ ಗೋಡೆ

2023 ಫೆಬ್ರವರಿ 6, ರಾತ್ರಿ 2.20

ಸೀಟಿ. ಪಾಪು ಎದೆಯಿಂದ. ಎದ್ದು ಹೆಗಲಿಗೆ ಹಾಕ್ಕೊಂಡು ನಡೆದೆ, ತಗಡಿನ ಸೂರಿನ ಕೆಳಗೆ, ಆ ಕಡೆ ಈ ಕಡೆ. ಈಗ ಮಲಗಿದೆ. ನನ್ನ ನಿದ್ದೆ ಹಾರಿಹೋಯ್ತು.

ಬಾಣಂತನ ಆಗಿದ್ದು ಕೆಳಗಿನ ರೂಮಲ್ಲಿ, ಈಗ ನಮ್ಮನ್ನ ಮೇಲಕ್ಕೆ ಹತ್ತಿಸಿದ್ದಾರೆ. ಅದರ ಹಿಂದಿನ ಗೋಡೆಗೆ ಅಂಟಿಕೊಂಡೇ ನಮ್ಮ ರೇಷ್ಮೆ ಬಿಚ್ಚೋ ಶೆಡ್ಡಿನ ಒಲೆ. ಗೋಡೇಲಿ ಒಂದು ಸೀಳು. ಒಲೆ ಹಚ್ಚಿದ್ರೆ ಹೊಗೆ ನೇರ ತೊಟ್ಟಿಲಿಗೆ. ಮುಚ್ಚಿಸಿ ಅಂತ ಶರ್ಫುನ್ನೀಸಾ ಭಾಬಿ ಹತ್ತಿರ ಬೇಡಿಕೊಂಡೆ — ನನ್ನ ಗಂಡ ಗೌಸ್ ಅವರ ಅಣ್ಣನ ಹೆಂಡತಿ, ಮನೆ ನಡೆಯೋದೇ ಅವಳ ಮಾತಿನ ಮೇಲೆ. "ರೀಲರ್ ಮನೆ ಮಕ್ಕಳು ಹೊಗೆ ಕುಡಿದೇ ಬೆಳೆಯೋದು. ನಮ್ಮ ಮುನ್ನೀಗೆ ಏನಾಯ್ತು?" ಅಂದುಬಿಟ್ಟಳು.

ಕೊನೆಗೆ ಆಸ್ಪತ್ರೇಲಿ ಪಾಪುಗೆ ಆಕ್ಸಿಜನ್ ಇಟ್ಟರು. ಗೌಸ್ ಲಾರಿ ಮೇಲೆ ಎಲ್ಲೋ. ಒಬ್ಬಳೇ ಕೂತಿದ್ದೆ.

ಮರೆಯಲ್ಲ. ಭಾಬಿಗೆ ಕನ್ನಡ ಓದೋಕೆ ಬರಲ್ಲ. ಅದಕ್ಕೇ ಕನ್ನಡದಲ್ಲಿ ಬರೀತೀನಿ.

ಫೆಬ್ರವರಿ 9

ನಮ್ಮನ್ನ ಮೇಲಕ್ಕೆ ಹತ್ತಿಸಿದ್ದು ಯಾಕೆ ಅಂತ ಇವತ್ತು ಗೊತ್ತಾಯ್ತು. ಕೆಳಗಿನ ರೂಮ್ ಭಾಬಿ ಮಗಳು ಮುನ್ನೀಗಂತೆ. ಆರು ವರ್ಷದ ಹುಡುಗಿಗೆ ಸ್ವಂತ ರೂಮ್. ಗೋಡೆಗೆ ಪಿವಿಸಿ ಪ್ಯಾನೆಲ್, ಗುಲಾಬಿ ಹೂವಿನದು. ನನ್ನ ಮಗುಗೆ ಒಂದು ಬಾಂಡ್ಲಿ ಸಿಮೆಂಟ್ ಸಿಗಲಿಲ್ಲ.

"ನೀನು ಬಿಎಸ್ಸಿ ಅಲ್ವಾ. ಎಷ್ಟು ಬೇಕು ಲೆಕ್ಕ ಹಾಕು. ಬಡಗಿ ಜಾಸ್ತಿ ಹೇಳಿಬಿಡ್ತಾನೆ" ಅಂದಳು ಭಾಬಿ.

ಅಳೆದೆ. ಹನ್ನೊಂದು ಅಡಿ, ಹತ್ತು ಅಡಿ. ಪಟ್ಟಿ ಹತ್ತಿಂಚು ಅಗಲ, ಎತ್ತರಕ್ಕೆ ಒಂದೇ ಸಾಕು. ಬಾಗಿಲು, ಕಿಟಕಿ ಕಳೆಯಲಿಲ್ಲ, ಕತ್ತರಿಸೋ ವೇಸ್ಟ್‌ಗೆ ಸರಿಹೋಗುತ್ತೆ. ಮೂರು ಗೋಡೆಗೆ ಮೂವತ್ತೊಂಬತ್ತು ಪಟ್ಟಿ. ಒಲೆ ಕಡೆ ಗೋಡೆ ಬಿಟ್ಟೆ. ಪ್ಲಾಸ್ಟಿಕ್ಕು, ಕಾವು ತಡೆಯಲ್ಲ. ನಾಳೆ ಹೇಳಬೇಕು.

ಫೆಬ್ರವರಿ 10

ಬಡಗಿ ದೊಡ್ಡಹನುಮಯ್ಯನ ಮುಂದೆ, ಪಕ್ಕದ ಮನೆ ಹೆಂಗಸರ ಮುಂದೆ ಭಾಬಿ —

"ನೋಡಿ ಇವಳ ಲೆಕ್ಕ. ಮೂರೇ ಗೋಡೆ. ನಾಲ್ಕರ ತನಕ ಎಣಿಸೋಕೆ ಬರದೋಳಿಗೆ ಡಿಗ್ರಿ ಕೊಟ್ಟೋರು ಯಾರಮ್ಮಾ?"

ಬಡಗಿ ನಕ್ಕ. "ಓಗ್ಲಿ ಬುಡಿ ಅಮ್ಮಾವ್ರೆ. ಎಳೆ ಮಗ ಕಟ್ಕೊಂಡು ನಿದ್ದೆಗೆಟ್ಟವ್ರೆ."

"ಭಾಬಿ, ಆ ಗೋಡೆ ಹಿಂದೆ —"

"ನನ್ನ ಮಗಳ ರೂಮ್ ಚೆನ್ನಾಗಾಗೋದು ಕಂಡು ಹೊಟ್ಟೆ ಉರೀತಾ? ನಿನ್ನ ಮಗು ನೆಟ್ಟಗೆ ಉಸಿರಾಡಲ್ಲ ಅಂದ್ರೆ ನಿನ್ನ ಹಾಲಿಂದೇ ದೋಷ."

ಹೆಂಗಸರು ನನ್ನ ಎದೆ ಕಡೆ ನೋಡಿದರು.

ಪೆನ್ ತಗೊಂಡೆ. ಮೂವತ್ತೊಂಬತ್ತು ಹೊಡೆದು ಐವತ್ತೊಂದು ಬರೆದೆ.

ಹೋಗೋವಾಗ ಬಡಗಿ ಆ ಗೋಡೆ ತಟ್ಟಿ ಕೇಳಿದ, "ಇದ್ರ ಇಂದೆ ಏನೈತಮ್ಮಾ?"

ರೇಷ್ಮೆ ಗೂಡಿನ ರೇಟ್ ಏರಿ ಶೆಡ್ ಮುಚ್ಚಿ ಎರಡು ವಾರ. ಗೋಡೆ ತಣ್ಣಗಿತ್ತು.

"ಶೆಡ್ಡು" ಅಂದೆ. ಒಲೆ ಅನ್ನಲಿಲ್ಲ.

ಫೆಬ್ರವರಿ 14

ಮುಗೀತು. ಸೀಳು ಯಾರೂ ಮುಚ್ಚಲಿಲ್ಲ. ಅದರ ಮೇಲೆ ಮರದ ರೀಪು, ಮಧ್ಯೆ ಥರ್ಮಾಕೋಲ್, ಮೇಲೆ ಹೂವು. ಭಾಬಿ ಬಂದೋರಿಗೆಲ್ಲ ಚಪ್ಪಲಿ ಬಿಡಿಸಿ ತೋರಿಸ್ತಿದ್ದಾಳೆ.

ತೋರಿಸಲಿ. ಶೆಡ್ ಶುರುವಾಗಲಿ. ಒಂದೊಂದೇ ಗುಲಾಬಿ ಸೊಟ್ಟಗಾಗಲಿ, ಪಟ್ಟಿ ಕಿತ್ತು ಬಾಯಿ ಬಿಡಲಿ, ನೆಂಟರು ಕೂತಿರೋವಾಗಲೇ. ಆಗ ಕೇಳ್ತೀನಿ — ಯಾರ ಹಾಲಿನ ದೋಷ ಭಾಬಿ?

ಎಷ್ಟೋ ದಿನದ ಮೇಲೆ ಊಟ ರುಚಿ ಆಯ್ತು.

ಫೆಬ್ರವರಿ 19, ಗುಡೇಮಾರನಹಳ್ಳಿ

ಜಗಳ ಮಾಡಿಕೊಂಡೇ ಬಂದೆ ತವರಿಗೆ, ಅಮ್ಮಿ ಮನೆಗೆ. ಭಾಬಿ ನನ್ನ ನಂಬರ್ ಬ್ಲಾಕ್ ಮಾಡಿದ್ದಾಳೆ. ಮಾಡಲಿ. ಪಾಪು ಎದೆ ಇಲ್ಲಿ ಸದ್ದಿಲ್ಲ.

"ಒಂದೇ ಮನೆ ಹೆಣ್ಣುಮಕ್ಕಳು. ಬಿಟ್ಟುಬಿಡು" ಅಂದರು ಅಮ್ಮಿ.

"ನೀವು ಆಸ್ಪತ್ರೇಲಿ ಇರಲಿಲ್ಲ ಅಮ್ಮೀ."

ನಾನಿಲ್ಲದಾಗಲೇ ಒಲೆ ಹಚ್ಚಿಬಿಟ್ರೆ? ಅವಳ ಮುಖ ನೋಡೋಕೆ ಸಿಗಲ್ಲವಲ್ಲ... ಅದೊಂದೇ ಯೋಚನೆ.

ಫೆಬ್ರವರಿ 23, ರಾತ್ರಿ 12.40

ಸಂಜೆ ಮುನ್ನೀ ಫೋನ್ ಮಾಡಿದ್ದಳು, ಅವಳ ಅಬ್ಬಾ ಮೊಬೈಲಿಂದ, ಕದ್ದು.

"ಚಾಚೀ, ಇವತ್ತಿಂದ ನಾನು ಒಬ್ಬಳೇ ಮಲಗೋದು. ಬಾಗಿಲು ಹಾಕ್ಕೊಂಡು. ಮಂಚ ಒಲೆ ಕಡೆಗೇ ಹಾಕಿಸಿದ್ದೀನಿ, ಬೆಚ್ಚಗಿರುತ್ತೆ ಅಂತ. ಅಬ್ಬಾ ಗೂಡು ತಂದವ್ರೆ. ನಾಳೆ ಬೆಳಿಗ್ಗೆ ಒಲೆ. ಪಾಪು ಯಾವಾಗ ಬರುತ್ತೆ? ಅದಕ್ಕೂ ಜಾಗ ಬಿಟ್ಟಿದ್ದೀನಿ."

"ಜಾಣೆ" ಅಂದೆ. ನಾಳೆ ಅಂತ ಕೇಳಿ ಖುಷಿಯಾಯ್ತು. ಹೌದು, ಖುಷಿ. ಊಟ ಮಾಡಿ ಮಲಗಿದೆ.

ಆಮೇಲೆ ಸೀಳು ನೆನಪಾಯ್ತು. ಅದರಿಂದ ಬರ್ತಿದ್ದಿದ್ದು ಹೊಗೆ ಒಂದೇ ಅಲ್ಲ. ಕಿಡಿ ಬಿದ್ದು ನನ್ನ ದುಪಟ್ಟಾ ತೂತಾಗಿತ್ತು. ಈಗ ಅಲ್ಲಿ ಥರ್ಮಾಕೋಲ್. ಪಿವಿಸಿ ಸುಟ್ಟರೆ ಎಂಥಾ ವಿಷಗಾಳಿ ಬರುತ್ತೆ ಅಂತ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡೋಳು ನಾನು.

ಮುನ್ನೀ ಅಬ್ಬಾ ಮೆಹಬೂಬ್ ಭಾಯ್ ಫೋನ್ ಸ್ವಿಚ್ ಆಫ್. ಅಮ್ಮಿ ಫೋನಿಂದ ಭಾಬಿಗೆ — ರಿಂಗ್ ಆಗುತ್ತೆ, ಎತ್ತಲ್ಲ. ಊರಲ್ಲಿರೋದು ಒಂದೇ ಆಟೋ, ಅದು ಗ್ಯಾರೇಜಲ್ಲಿ. ಮೊದಲ ಬಸ್ ಬರೋ ಹೊತ್ತಿಗೆ ಒಲೆ ಹಚ್ಚಿ ಆಗಿರುತ್ತೆ.

2.10

ಗೌಸ್, ಇದು ನಿಮಗೆ. ಪುಟಗಳ ಫೋಟೋ ತೆಗೆದು ಕಳಿಸಿದ್ದೀನಿ, ಒಂದೇ ಟಿಕ್ ತೋರಿಸ್ತಿದೆ. ಇದನ್ನೂ ಕಳಿಸ್ತೀನಿ. ಯಾವ ಘಾಟಿಯಲ್ಲಿದ್ದೀರೋ. ಸಿಗ್ನಲ್ ಸಿಕ್ಕ ತಕ್ಷಣ ಎದುರು ಮನೆ ಕರೀಂ ಚಾಚಾಗೆ ಫೋನ್ ಮಾಡಿ, ಅವರ ನಂಬರ್ ನನ್ನ ಹತ್ತಿರ ಇಲ್ಲ. ಬಾಗಿಲು ಒಡೆದಾದರೂ ಮುನ್ನೀನ ಎತ್ತಿಕೊಂಡು ಬರಲಿ. ಒಲೆ ಹಚ್ಚಬೇಡಿ ಅನ್ನಲಿ. ಯಾಕೆ ಅಂತ ಕೇಳಿದ್ರೆ ನನ್ನ ಹೆಸರು ಹೇಳಿ, ಬೇಕಂತಲೇ ಮಾಡಿದಳು ಅಂತಲೇ ಹೇಳಿ. ಆಜಾನ್‌ಗಿಂತ ಮೊದಲೇ ಹಚ್ಚುತ್ತಾರೆ, ನಿಮಗೆ ಗೊತ್ತಲ್ಲ. ಬೆಳಗಾಗೋದ್ರೊಳಗೆ ಫೋನ್ ಮಾಡಿ ಗೌಸ್, ನನಗಲ್ಲ, ಅವರಿಗೆ, ಮೊದಲು ಅವರಿಗೆ ಫೋನ್ ಮಾಡಿ.