ಕರಿ ಬಟ್ಟೆಯೊಳಗೆ ಕಂಡ ಕರಡಿ

ಟೆಶಿಕಾಗಾ,
ಅಕ್ಟೋಬರ್ ೨೮

ಪ್ರೀತಿಯ ಮಿಚಿರು,

ಮೊದಲೇ ಹೇಳಿಬಿಡುತ್ತೇನೆ, ನನಗೆ ಏನೂ ಆಗಿಲ್ಲ. ಕೈಕಾಲು ನೆಟ್ಟಗಿವೆ, ಊಟ ಸೇರುತ್ತಿದೆ, ನಿದ್ದೆಯೂ ಬರುತ್ತಿದೆ. ನಮ್ಮ ಊರಿನ ಪತ್ರಿಕೆಯಲ್ಲಿ ‘ಸರೋವರದಂಚಿನ ಕಾಡಿನಲ್ಲಿ ಕರಡಿ, ವೃದ್ಧರಿಬ್ಬರು ಪಾರು’ ಎಂದು ಸುದ್ದಿ ಬಂದಿದೆ. ಅದು ಫುಕುವೊಕಾದಲ್ಲಿರುವ ನಿನ್ನ ಕಿವಿಗೂ ಬಿದ್ದಿರಬಹುದು. ಆ ವೃದ್ಧರಲ್ಲಿ ಒಬ್ಬಳು ನಾನೇ. ಕರಡಿಗಿಂತ ಆ ಪದವೇ ನನ್ನನ್ನು ಹೆಚ್ಚು ಕಾಡಿತು. ಫೋನಿನಲ್ಲಿ ಹೇಳಹೋದರೆ ನೀನು ನಡುವೆ ಬಾಯಿ ಹಾಕಿ ಬೈಯುತ್ತೀ. ಅದಕ್ಕೇ ಈ ಪತ್ರ.

ಸೆಕಿಗುಚಿ ಸಾನ್ ನಿನಗೆ ನೆನಪಿರಬೇಕು, ಸ್ಟೇಷನ್ ಎದುರು ಕ್ಷೌರದಂಗಡಿ ಇಟ್ಟಿದ್ದವರು. ಚಿಕ್ಕವಳಿದ್ದಾಗ ನಿನ್ನ ಮುಂಗೂದಲನ್ನು ಓರೆಯಾಗಿ ಕತ್ತರಿಸಿ ನಿನ್ನನ್ನು ಅಳಿಸಿದ್ದರಲ್ಲ, ಅವರೇ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ, ಹೊತ್ತು ಹೋಗದೆ, ಈಗೀಗ ನನ್ನನ್ನು ಕಾರಿನಲ್ಲಿ ಕಾಡಿಗೆ ಕರೆದುಕೊಂಡು ಹೋಗುತ್ತಾರೆ. ಕ್ಯಾಮೆರಾದ ಸ್ಟ್ಯಾಂಡು ಹೊರುತ್ತಾರೆ. ಅಷ್ಟೇ.

ಆ ದಿನ ಬೆಳಿಗ್ಗೆ ಹೊರಟದ್ದು ದೊಡ್ಡ ಓಕ್ ಮರದ ಹತ್ತಿರಕ್ಕೆ. ಎಲೆಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದ್ದವು, ಬುಡದ ತುಂಬ ಕಾಯಿ ಉದುರಿತ್ತು. ಸರೋವರದ ಕಡೆಯಿಂದ ತೆಳ್ಳನೆಯ ಮಂಜು ಬರುತ್ತಿತ್ತು. ಕರಡಿ ದೂರ ಇರಲಿ ಎಂದು ಸೆಕಿಗುಚಿ ಸಾನ್ ದಾರಿಯುದ್ದಕ್ಕೂ ಹಾಡುತ್ತಲೇ ಬಂದರು. ಅವರ ಹಾಡನ್ನು ನೀನು ಕೇಳಿಲ್ಲ, ಪುಣ್ಯ ಮಾಡಿದ್ದೀ. ನಾನು ಸ್ಟ್ಯಾಂಡು ಹೂಡಿ, ಪೆಟ್ಟಿಗೆ ಕ್ಯಾಮೆರಾ ಕೂರಿಸಿದೆ. ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ, ಮನಸ್ಸು ನಿಲ್ಲುತ್ತಿಲ್ಲ ಎಂದೆ. ಅವರು ಮುಖ ಸಣ್ಣದು ಮಾಡಿಕೊಂಡು ಸುಮ್ಮನಾದರು. ನಾನು ಬೆಳಕು ಬಾರದಂತೆ ಕ್ಯಾಮೆರಾದ ಹಿಂದೆ ಹೊದಿಸುವ ಕರಿ ಬಟ್ಟೆಯೊಳಗೆ ತಲೆ ತೂರಿಸಿದೆ.

ಇಲ್ಲಿ ನಿನಗೊಂದು ಮಾತು ಹೇಳಬೇಕು. ನೀನು ಪ್ರತಿ ಸಲ ಫೋನಿನಲ್ಲಿ ‘ಫೋಟೋ ತೆಗೆದೆಯಾ ಅಮ್ಮ’ ಎಂದು ಕೇಳುತ್ತಿದ್ದೆ, ನಾನು ಹೂಂ ಅನ್ನುತ್ತಿದ್ದೆ. ನಿಮ್ಮಪ್ಪ ಹೋದ ಮೇಲೆ ನಾನು ಒಂದು ಫಿಲಂ ಕೂಡ ಖರ್ಚು ಮಾಡಿರಲಿಲ್ಲ. ಕಾಡಿಗೆ ಹೋಗುವುದು, ಕ್ಯಾಮೆರಾ ಹೂಡುವುದು, ಹಿಂದಿನ ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಮರವನ್ನು ನೋಡುತ್ತ ನಿಲ್ಲುವುದು, ಮತ್ತೆ ಎಲ್ಲ ಕಟ್ಟಿಕೊಂಡು ಬರುವುದು. ಗುಂಡಿ ಒತ್ತುವ ಹೊತ್ತಿಗೆ ಕೈ ಬರುತ್ತಿರಲಿಲ್ಲ. ಬೆಳಕು ನೋಡಿ ‘ಈಗ’ ಅನ್ನುತ್ತಿದ್ದವರು ನಿಮ್ಮಪ್ಪ. ಆ ದನಿ ಇಲ್ಲದೆ ಯಾವ ಬೆಳಕೂ ಸರಿ ಅನ್ನಿಸುತ್ತಿರಲಿಲ್ಲ. ಸೆಕಿಗುಚಿ ಸಾನ್‌ಗೆ ಇದು ಗೊತ್ತಿತ್ತು. ಒಮ್ಮೆಯೂ ಕೇಳಲಿಲ್ಲ.

ಗಾಜಿನಲ್ಲಿ ಮರ ನೋಡುತ್ತಿದ್ದೆ. ಮೇಲ್ಗಡೆ, ಅಂದರೆ ನಿಜದಲ್ಲಿ ಬುಡದ ಹತ್ತಿರ, ಕಂದು ಬಣ್ಣದ್ದೇನೋ ಅಲುಗಾಡಿತು. ಗಾಜಿಗೆ ಮಂಜು ಹಿಡಿದಿರಬೇಕೆಂದು ಒರೆಸಿದೆ. ಅದು ಇನ್ನೂ ಅಲುಗಾಡುತ್ತಿತ್ತು. ಅದರ ಪಕ್ಕದಲ್ಲಿ ಚಿಕ್ಕದು ಇನ್ನೊಂದಿತ್ತು.

ಆಗ ಬಟ್ಟೆಯಾಚೆ ಸೆಕಿಗುಚಿ ಸಾನ್ ತಣ್ಣಗೆ ಹೇಳಿದರು: “ಚಿಜುರು ಸಾನ್, ತಲೆ ಹೊರಗೆ ತೆಗೀಬೇಡಿ. ಅಲ್ಲಾಡಲೂ ಬೇಡಿ. ನಾನಿಲ್ಲೇ ಇದ್ದೀನಿ.”

ಅವರು ಒಂದು ಹೆಜ್ಜೆ ಮುಂದೆ ಬಂದು ನನಗೂ ಮರಕ್ಕೂ ನಡುವೆ ನಿಂತರು. ಗಾಜಿನಲ್ಲಿ ಅವರ ಬೆನ್ನು ತಲೆಕೆಳಗಾಗಿ ಕಂಡಿತು. ತಾಯಿ ಕರಡಿ ತಲೆಯೆತ್ತಿತು. ಆಗ ಅವರು ಅದರ ಜೊತೆ ಮಾತಿಗೆ ಶುರುಮಾಡಿದರು ನೋಡು, ಅಂಗಡಿಯಲ್ಲಿ ಗಿರಾಕಿಯ ಗಡ್ಡ ಹೆರೆಯುವಾಗ ಮಾತಾಡುತ್ತಿದ್ದ ಅದೇ ದನಿಯಲ್ಲಿ.

“ಈ ಸಲ ಚಳಿ ಬೇಗ ಬಂತು, ಅಲ್ವೇನಮ್ಮಾ? ಕಾಯಿ ಚೆನ್ನಾಗಿ ಬಿದ್ದಿದೆ. ಮಗೂಗೂ ತಿನ್ಸು, ನೀನೂ ತಿನ್ನು. ನಮ್ಮ ಪಾಡಿಗೆ ನಾವಿರ್ತೀವಿ.”

ಅದು ಸ್ವಲ್ಪ ಹೊತ್ತು ನೋಡಿತು. ಅವರು ನಿಲ್ಲಿಸಲಿಲ್ಲ. ಹಿಮದ ಬಗ್ಗೆ, ಸೀಮೆಎಣ್ಣೆ ದುಬಾರಿಯಾದದ್ದರ ಬಗ್ಗೆ, ತಮ್ಮ ಸೊಂಟನೋವಿನ ಬಗ್ಗೆ ಎಲ್ಲ ಹೇಳಿದರು. ಕೊನೆಗೆ ಅದಕ್ಕೇ ಬೇಸರವಾಗಿರಬೇಕು, ಮರಿಯನ್ನು ಮೂತಿಯಿಂದ ತಿವಿದು, ಸರೋವರದ ಕಡೆ ಇಳಿದು ಹೋಯಿತು.

ನಾನು ಹೊರಗೆ ಬಂದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಬಲಗೈ ಮುಂದಕ್ಕೆ ಚಾಚಿಕೊಂಡೇ ನಿಂತಿದ್ದರು. ಕರಡಿಯ ಮೇಲೆ ಹೊಡೆಯುವ ಮೆಣಸಿನ ಸ್ಪ್ರೇ ಡಬ್ಬಿ ಹಿಡಿದಿದ್ದೇನೆ ಎಂದುಕೊಂಡಿದ್ದರಂತೆ. ನೋಡಿದರೆ ನಾನು ಕ್ಯಾಮೆರಾದ ಧೂಳು ಊದಲು ಇಟ್ಟುಕೊಂಡ ರಬ್ಬರ್ ಉಂಡೆ! ಗಾಬರಿಯಲ್ಲಿ ನನ್ನ ಚೀಲದಿಂದ ಅದನ್ನೇ ಎಳೆದುಕೊಂಡಿದ್ದರು. ಇಬ್ಬರೂ ಎಲೆಗಳ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ಅವರು ಹೊರಡೋಣ ಎಂದರು. ಅದೇ ಬುದ್ಧಿವಂತಿಕೆ, ನನಗೂ ಗೊತ್ತು. ಆದರೆ ಎದ್ದಾಗ ಮಂಜು ಹರಿದಿತ್ತು, ಮರದ ಒಂದು ಮಗ್ಗುಲಿಗೆ ಬಿಸಿಲು ತಾಗಿತ್ತು. ಯಾರೂ ‘ಈಗ’ ಅನ್ನಲಿಲ್ಲ. ನಾನು ಫಿಲಂ ಹಾಕಿ, ಉಸಿರು ಹಿಡಿದು, ಒತ್ತಿಬಿಟ್ಟೆ. ಆಮೇಲೆ ಇಬ್ಬರೂ ಹಾಡುತ್ತ ಕಾರಿನವರೆಗೆ ಬಂದೆವು. ನಾನೂ ಹಾಡಿದೆ, ಬೇರೆ ದಾರಿಯಿರಲಿಲ್ಲ.

ನಾನೇ ಫಿಲಂ ತೊಳೆದೆ. ಚಿತ್ರ ಅಲುಗಿ ಹಾಳಾಗಿರಬಹುದು ಎಂಬ ಹೆದರಿಕೆ. ಹಾಳಾಗಿಲ್ಲ, ಮಿಚಿರು. ತೊಗಟೆಯ ಒಂದೊಂದು ಬಿರುಕೂ ನಿಚ್ಚಳವಾಗಿದೆ. ಒಣಗಲು ತೂಗುಹಾಕಿ ಅದರ ಕೆಳಗೇ ಕೂತು ಬಿಸಿ ಚಹಾ ಕುಡಿದೆ. ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಿತ್ತು. ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಮಡಿಸಬೇಡ.

ಕ್ಯಾಮೆರಾ ಮಾರಿ ನಿನ್ನ ಹತ್ತಿರ ಬಂದಿರಲು ಕರೆಯುತ್ತಿದ್ದೀಯಲ್ಲ, ಅದು ಪ್ರೀತಿಯಿಂದಲೇ ಎಂದು ಬಲ್ಲೆ. ವಸಂತದಲ್ಲಿ ಖಂಡಿತ ಬರುತ್ತೇನೆ, ನಿಮ್ಮ ಕಡೆಯ ಕರ್ಪೂರದ ಮರಗಳ ಫೋಟೋ ತೆಗೆಯಲು. ಇರಲು ಅಲ್ಲ.

ನಿನ್ನ ಅಮ್ಮ,
ಚಿಜುರು

ಮರೆತ ಮಾತು: ಲಕೋಟೆಯ ಹಿಂದೆ ಬರೆದ ವಿಳಾಸ ನಮ್ಮ ಮನೆಯದಲ್ಲ, ಸೆಕಿಗುಚಿ ಸಾನ್ ಮನೆಯದು ಎಂದು ಒಡೆಯುವ ಮೊದಲೇ ನೋಡಿರುತ್ತೀ. ಆದರೂ ಇಲ್ಲಿಯವರೆಗೆ ಓದಿದೆಯಲ್ಲ, ನನಗೆ ಅಷ್ಟು ಸಾಕು. ಇನ್ನು ಮುಂದೆ ಒಟ್ಟಿಗೆ ಇರೋಣವೇ ಎಂದು ಕೇಳಿದ್ದು ಅವರಲ್ಲ, ನಾನೇ, ಕಾಡಿನಿಂದ ವಾಪಸ್ಸು ಬರುವಾಗ, ಕಾರಿನಲ್ಲಿ. ಅವರು ರಸ್ತೆಯ ಪಕ್ಕಕ್ಕೆ ಗಾಡಿ ನಿಲ್ಲಿಸಿ, “ಈ ಕಡೆ ಕಿವಿ ಸರಿಯಾಗಿ ಕೇಳ್ಸಲ್ಲ, ಇನ್ನೊಂದು ಸಲ ಹೇಳಿ” ಅಂದರು. ಹೇಳಿದೆ.