ನನಗಾಗಿ ಕಾಯುವ ಜನರಲ್ ಸಾಹೇಬರು

ಹಲಸೂರು, ಭಾನುವಾರ

ಅವ್ವಾ, ಚೆನ್ನಾಗಿದ್ದೀಯಾ?

ನಾನು ಅಡುಗೆಗೆ ಸೇರಿದ ಮನೆಯ ಯಜಮಾನರು ಎಪ್ಪತ್ತೊಂದರ ಯುದ್ಧದಲ್ಲಿ ಮೇಜರ್ ಆಗಿ ಗುಂಡೇಟು ತಿಂದು, ಆಮೇಲೆ ಜನರಲ್ ಆದವರು. ತೊಂಬತ್ತಾದರೂ ಬೆನ್ನು ಬಾಗಿಲ್ಲ. ಮೊದಲ ದಿನ ಬಿಸಿ ಮುದ್ದೆ ಬಡಿಸಿದೆ, ಮುಟ್ಟಲೇ ಇಲ್ಲ. ಕೆಲಸ ಹೋಯಿತು ಅಂದುಕೊಂಡೆ.

"ನಿಂದೂ ಡ್ರೈವರ್ ಪಿಳ್ಳಪ್ಪಂದೂ ಊಟ ಆಯ್ತೇನಮ್ಮಾ?"

"ಇಲ್ಲ ಸಾರ್, ನಿಮ್ದಾದ್ಮೇಲೆ."

"ನನ್ನ ಜವಾನರು ಉಣ್ಣೋ ಮುಂಚೆ ನಾನು ಯಾವತ್ತೂ ಉಂಡಿಲ್ಲ. ಹೋಗು, ಇಬ್ರೂ ಉಂಡು ಬನ್ನಿ."

ಈಗ ದಿನವೂ ನಾನು ಉಂಡು ಕೈ ತೊಳೆಯುವವರೆಗೆ ಕೈಕಟ್ಟಿ ಕೂತಿರುತ್ತಾರೆ. ನನ್ನ ಹಳೇ ಕೆಮ್ಮು ಹೋಗಿದೆ, ಮೈ ತುಂಬಿಕೊಂಡಿದ್ದೇನೆ. ಎಲ್ಲರದ್ದೂ ಆದ ಮೇಲೆ ತಳ ಕೆರೆದು ಉಣ್ಣುವ ನೀನು ನೆನಪಾಗುತ್ತೀಯ. ಈ ಕಾರ್ಡನ್ನು ಜೋರಾಗಿ ಓದು, ಅಪ್ಪ ತಟ್ಟೆಯ ಮುಂದೆ ಕೂರುವ ಮೊದಲೇ.

ಒಲೆಯ ಮೇಲೆ ಸಾರು ಇದೆ, ನಿಲ್ಲಿಸುತ್ತೇನೆ.
ಸುಕನ್ಯಾ