ಒಡ್ಡಿನ ಬಾಗಿಲ ಹಲಗೆ

ಹೊನ್ನಾವರ ಬಂದರು,
೮–೪–೧೯೬೨

ಊರಗೌಡರಾದ ಬೊಮ್ಮಯ್ಯ ಮಾವನಿಗೆ ಮಾಬ್ಲ ಅಡ್ಡಬಿದ್ದು ಬರೆಯುವುದೇನೆಂದರೆ,

ಇಲ್ಲಿ ಹೊಳೆ ದಾಟಿಸುವ ಲಾಂಚಿನಲ್ಲಿ ಹಗ್ಗ ಕಟ್ಟುವ ಕೆಲಸದಲ್ಲಿದ್ದೇನೆ. ಮೊನ್ನೆ ನಾನು ತಡಮಾಡಿದಾಗ ಲಾಂಚು ನಡೆಸುವ ತಂಡೇಲರು, "ಉಬ್ಬರ ನಿನ್ನ ಕೇಳ್ಕಂಡು ಬತ್ತದ್ಯೇನೋ?" ಎಂದು ಬೈದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಎರಡು ವರ್ಷದ ಹಿಂದೆ ಹೊಳೆಯಂಚಿನ ನಮ್ಮ ಗಜನಿ ಗದ್ದೆಗಳಿಗೆ ಉಪ್ಪುನೀರು ನುಗ್ಗಿ ಊರವರ ಸಸಿಯೆಲ್ಲ ಸತ್ತಿತಲ್ಲ, ಅದು ನಾಗಣ್ಣ ಕಟ್ಟಿದ ಒಡ್ಡು ಸೋರಿ ಅಲ್ಲ. ಆ ಹುಣ್ಣಿಮೆಯ ದಿನ ಉಬ್ಬರದ ನೀರು ಒಳಬಾರದಂತೆ ಒಡ್ಡಿನ ಬಾಗಿಲಿಗೆ ಹಲಗೆ ಹಾಕುವ ಪಾಳಿ ನನ್ನದು. ಉಬ್ಬರಕ್ಕೆ ಇನ್ನೂ ಹೊತ್ತಿದೆಯೆಂದು ಕುಮಟೆ ಸಂತೆಗೆ ಹೋದೆ. ಬಂದು ನೋಡಿದರೆ ಗದ್ದೆ ತುಂಬ ನೀರು, ಹಲಗೆಗಳು ಮಾತ್ರ ದಂಡೆಯ ಮೇಲೆ ಒಣಗಿಯೇ ಇದ್ದವು. ಯಾರೂ ಬರುವ ಮೊದಲು ಅವನ್ನು ಹಾಕಿಬಿಟ್ಟೆ. ಒಡ್ಡು ಸೋರಿತೆಂದು ಕೂಗಿದವನೂ ನಾನೇ. ಅಂದಿನಿಂದ ನಾಗಣ್ಣನನ್ನು ಒಡ್ಡಿನ ಕೆಲಸಕ್ಕೆ ಯಾರೂ ಕರೆದಿಲ್ಲ.

ಈ ಪತ್ರವನ್ನು ಮಾಸ್ತರರ ಕೈಲಿ ಎಲ್ಲರೆದುರು ಓದಿಸಿ. ಮಳೆಗೆ ಮೊದಲು ಒಡ್ಡು ಕಟ್ಟಲು ನಾಗಣ್ಣನನ್ನೇ ಕರೆಯಿರಿ. ಈಗ ಉಬ್ಬರದ ಹೊತ್ತು ನನಗೆ ಬಾಯಿಪಾಠ. ಆದರೂ ಹಲಗೆಯ ಪಾಳಿ ಕೇಳುವುದಿಲ್ಲ. ಅವನು ಒಪ್ಪಿದರೆ ಅವನಿಗೆ ಮಣ್ಣು ಹೊತ್ತು ಕೊಡುತ್ತೇನೆ. ಒಪ್ಪದಿದ್ದರೂ ಬುಟ್ಟಿ ಹಿಡಿದು ಬಂದು ದಂಡೆಯ ಮೇಲೆ ನಿಂತಿರುತ್ತೇನೆ.

ಇತಿ,
ಮಾಬ್ಲ